ಗಿಫ್ಟ್ ಕಾರ್ಡ್ ಲೆಕ್ಕ: ಪಾಯಿಂಟ್ ನಮಗೆ, ಖರ್ಚು ಯಾರಿಗೆ?

ಮೊನ್ನೆ ಹಳೇ ಇಮೇಲ್‌ಗಳನ್ನು ಡಿಲೀಟ್ ಮಾಡ್ತಾ ಕೂತಿದ್ದಾಗ ಬಟ್ಟೆ ಅಂಗಡಿಯೊಂದರ ಗಿಫ್ಟ್ ಕಾರ್ಡ್ ಕಣ್ಣಿಗೆ ಬಿತ್ತು. 5,000 ರೂಪಾಯಿಯದ್ದು. ಯಾರೋ ಪ್ರೀತಿಯಿಂದ ಕೊಟ್ಟಿದ್ದಲ್ಲ, ನನಗೆ ನಾನೇ ಕೊಂಡಿದ್ದು. ಕ್ರೆಡಿಟ್ ಕಾರ್ಡಿಗೆ 'ಐದು ಪಟ್ಟು ಪಾಯಿಂಟ್' ಬರುತ್ತೆ ಅಂತ ಒಂದು ರಾತ್ರಿ ಹನ್ನೊಂದು ಗಂಟೆಗೆ ಕೊಂಡು, ಬೆಳಿಗ್ಗೆ ಮರೆತಿದ್ದೆ. ಅದರ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಪಾಯಿಂಟ್ ರೂಪದಲ್ಲಿ ಗಳಿಸಿದ್ದು ಹೆಚ್ಚೆಂದರೆ 250 ರೂಪಾಯಿ. ಕಳೆದುಕೊಂಡಿದ್ದು 5,000.

ನಾಲ್ಕು ವರ್ಷ ಎಂಜಿನಿಯರಿಂಗ್ ಗಣಿತ ಓದಿದವನ ಕಥೆ ಇದು. ಹಾಗಾಗಿ ಪ್ರಾಯಶ್ಚಿತ್ತಕ್ಕಾದರೂ ಈ ಲೆಕ್ಕವನ್ನು ಒಮ್ಮೆ ಸರಿಯಾಗಿ ಬಿಡಿಸೋಣ. ಗಿಫ್ಟ್ ಕಾರ್ಡ್ ಮೂಲಕ ರಿವಾರ್ಡ್ ಗಳಿಸೋದು ಯಾವಾಗ ಲಾಭ, ಯಾವಾಗ ಮೋಸ? ಆ ಲಾಭದ ದುಡ್ಡು ಬರೋದಾದರೂ ಎಲ್ಲಿಂದ?

ಆಟ ನಡೆಯೋದು ಹೇಗೆ?

ಕಾರ್ಡ್‌ನಲ್ಲಿ ನೇರವಾಗಿ ಅಂಗಡಿಗೆ ಪಾವತಿಸಿದರೆ ಸಿಗೋ ರಿವಾರ್ಡ್ ಸಾಮಾನ್ಯವಾಗಿ ಒಂದು ಪರ್ಸೆಂಟ್ ಆಸುಪಾಸು. ಅದೇ ದುಡ್ಡಿಗೆ ಬ್ಯಾಂಕಿನ ಸ್ವಂತ ಪೋರ್ಟಲ್‌ನಲ್ಲಿ ಆ ಅಂಗಡಿಯ ಗಿಫ್ಟ್ ಕಾರ್ಡ್ ಕೊಂಡು, ಅದನ್ನು ಅಂಗಡಿಯಲ್ಲಿ ಬಳಸಿದರೆ ಕೆಲವು ಕಾರ್ಡ್‌ಗಳಲ್ಲಿ ಮೂರು ಪಟ್ಟು, ಐದು ಪಟ್ಟು ಪಾಯಿಂಟ್ ಬರುತ್ತೆ. ವಸ್ತು ಅದೇ, ಬೆಲೆ ಅದೇ, ದಾರಿ ಮಾತ್ರ ಬೇರೆ.

ನಿಯಮಗಳ ವಿಷಯಕ್ಕೆ ಬಂದರೆ, ಪ್ರೀಪೇಯ್ಡ್ ಸಾಧನಗಳ ಬಗ್ಗೆ ಆರ್‌ಬಿಐ 2021ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಒಂದು ಗಿಫ್ಟ್ ಕಾರ್ಡಿನ ಮೌಲ್ಯ 10,000 ರೂಪಾಯಿ ದಾಟುವಂತಿಲ್ಲ, ಕನಿಷ್ಠ ಒಂದು ವರ್ಷ ಅವಧಿ ಇರಬೇಕು, ಅದನ್ನು ನಗದು ಮಾಡಿಕೊಳ್ಳುವಂತಿಲ್ಲ. ಆದರೆ ಕಂಪನಿಯೊಂದು ತನ್ನ ಅಂಗಡಿಯಲ್ಲಷ್ಟೇ ನಡೆಯುವಂತೆ ತಾನೇ ಕೊಡುವ ಕಾರ್ಡ್‌ಗಳಿಗೆ ಆರ್‌ಬಿಐ ಅನುಮತಿಯೇ ಬೇಕಿಲ್ಲ. ನೋಡೋಕೆ ಎರಡೂ ಒಂದೇ ಥರ ಇರುತ್ತೆ, ರಕ್ಷಣೆ ಒಂದೇ ಥರ ಇರಲ್ಲ.

10,000 ರೂಪಾಯಿಯ ಲೆಕ್ಕ

ಒಂದು ಉದಾಹರಣೆ ತಗೊಳ್ಳೋಣ. ಅಂಕಿಗಳು ನನ್ನವು, ನಿಮ್ಮ ಕಾರ್ಡಿನದ್ದು ಹಾಕಿಕೊಂಡು ನೋಡಿ. 10,000 ರೂಪಾಯಿಯ ಗಿಫ್ಟ್ ಕಾರ್ಡ್. ಐದು ಪರ್ಸೆಂಟ್ ರಿವಾರ್ಡ್, ಅಂದರೆ 500 ರೂಪಾಯಿ.

ಮೊದಲ ಕಡಿತ, ಪ್ರೊಸೆಸಿಂಗ್ ಶುಲ್ಕ. ಅದು ಒಂದೂವರೆ ಪರ್ಸೆಂಟ್ ಇದ್ದರೆ 150, ಅದರ ಮೇಲೆ ಶೇ. 18 ಜಿಎಸ್‌ಟಿ 27. ಒಟ್ಟು 177. ಉಳಿದಿದ್ದು 323.

ಎರಡನೇದು, ಗಿಫ್ಟ್ ಕಾರ್ಡ್ ಇಲ್ಲದೇ ನೇರವಾಗಿ ಕಾರ್ಡ್ ಉಜ್ಜಿದ್ದರೂ ಒಂದು ಪರ್ಸೆಂಟ್, ಅಂದರೆ 100 ರೂಪಾಯಿ ಬರ್ತಿತ್ತು. ಹಾಗಾಗಿ ಇಷ್ಟೆಲ್ಲ ಸುತ್ತಿದ್ದಕ್ಕೆ ಸಿಕ್ಕ ಹೆಚ್ಚುವರಿ ಲಾಭ 223 ಮಾತ್ರ.

ಮೂರನೇದು ಹೆಚ್ಚಿನವರು ಮರೆಯೋ ವಿಷಯ. 'ಐದು ಪರ್ಸೆಂಟ್' ಅನ್ನೋದು ಸಾಮಾನ್ಯವಾಗಿ ಆ ಪಾಯಿಂಟ್‌ಗಳನ್ನು ವಿಮಾನದ ಟಿಕೆಟ್‌ಗೋ ಹೋಟೆಲ್‌ಗೋ ಬಳಸಿದಾಗಿನ ಬೆಲೆ. ಬಿಲ್‌ಗೆ ವಜಾ ಮಾಡಿಕೊಂಡರೆ ಎಷ್ಟೋ ಕಾರ್ಡ್‌ಗಳಲ್ಲಿ ಪಾಯಿಂಟ್ ಬೆಲೆ ಕುಸಿಯುತ್ತೆ. ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಆಗ 500 ಹೋಗಿ 250 ಆಯ್ತು, ನೇರ ಪಾವತಿಯ 100 ಹೋಗಿ 50 ಆಯ್ತು. ಶುಲ್ಕ ಮಾತ್ರ ಅದೇ 177. ಕೈಗೆ ಉಳಿದ ಹೆಚ್ಚುವರಿ ಲಾಭ 23 ರೂಪಾಯಿ. ದರ್ಶಿನಿಯಲ್ಲಿ ಒಂದು ಕಾಫಿ. ಅಷ್ಟೇ.

ಇನ್ನು ಆ ಕಾರ್ಡಿನಲ್ಲಿ 300 ರೂಪಾಯಿ ಬಳಸದೇ ಉಳಿದರೆ? 223ರ ಲೆಕ್ಕದಲ್ಲೂ ನಾವು ನಷ್ಟದಲ್ಲಿದ್ದೀವಿ. ಹಬ್ಬದ ಸೇಲ್‌ನಲ್ಲಿ 'ನಮ್ಮ ಬ್ಯಾಂಕ್ ಕಾರ್ಡಿಗೆ ಶೇ. 10 ರಿಯಾಯಿತಿ' ಅಂತ ಇದ್ದರೆ, ಗಿಫ್ಟ್ ಕಾರ್ಡಿನಲ್ಲಿ ಪಾವತಿಸಿದ ಮೊತ್ತಕ್ಕೆ ಅದು ಸಾಮಾನ್ಯವಾಗಿ ಸಿಗಲ್ಲ. ಐದು ಹಿಡಿಯೋಕೆ ಹೋಗಿ ಹತ್ತು ಬಿಟ್ಟ ಹಾಗೆ.

ಬಡ್ಡಿ ಬಂದರೆ ಆಟ ಮುಗೀತು

ಮೇಲಿನ ಲೆಕ್ಕ ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟುವವರಿಗೆ. 'ಮಿನಿಮಮ್ ಡ್ಯೂ' ಕಟ್ಟಿ ಉಳಿದದ್ದನ್ನು ಮುಂದೂಡುವವರಿಗೆ ಯಾವ ರಿವಾರ್ಡೂ ಲಾಭ ಅಲ್ಲ. ತಿಂಗಳಿಗೆ ಶೇ. 3.5 ಬಡ್ಡಿ, ಅದರ ಮೇಲೆ ಜಿಎಸ್‌ಟಿ ಸೇರಿದರೆ 10,000 ರೂಪಾಯಿಗೆ ತಿಂಗಳಿಗೆ 413 ರೂಪಾಯಿ. ನಮ್ಮ 223 ರೂಪಾಯಿ ಹದಿನೇಳು ದಿನದಲ್ಲಿ ಖಾಲಿ.

ಇದಕ್ಕೊಂದು ರಾಜಕೀಯ ಹಿನ್ನೆಲೆಯೂ ಇದೆ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ವಸೂಲಿ ಅನುಚಿತ ವ್ಯಾಪಾರ ಪದ್ಧತಿ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬಡ್ಡಿಗೆ ಆಯೋಗ ಹಾಕಿದ್ದ ಆ ಬೇಲಿ ಈಗಿಲ್ಲ. ಪಾಯಿಂಟ್‌ಗಳ ಜಾಹೀರಾತು ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ಯಾವಾಗ ತಗೋಬೇಕು?

ನನ್ನ ಉತ್ತರ ಸರಳ. ಈ ಅಂಗಡಿಯಲ್ಲಿ, ಇಷ್ಟು ದುಡ್ಡು, ಇನ್ನೊಂದು ತಿಂಗಳೊಳಗೆ ನೀವು ಹೇಗೂ ಖರ್ಚು ಮಾಡೋರಿದ್ದೀರಿ ಅಂದರೆ ತಗೊಳ್ಳಿ. ಈ ಮೂರರಲ್ಲಿ ಒಂದಕ್ಕೆ 'ಇರಬಹುದು' ಅನ್ನೋ ಉತ್ತರ ಬಂದರೂ ಬೇಡ.

ನಿಜವಾಗಿ ಲಾಭ ಆಗೋ ಇನ್ನೊಂದು ಸಂದರ್ಭ ಇದೆ. ವರ್ಷಕ್ಕೆ 3 ಲಕ್ಷ ಖರ್ಚು ಮಾಡಿದರೆ ನಿಮ್ಮ ಕಾರ್ಡಿನ 2,500 ರೂಪಾಯಿ ವಾರ್ಷಿಕ ಶುಲ್ಕ ಮನ್ನಾ ಅಂದುಕೊಳ್ಳಿ. ಜಿಎಸ್‌ಟಿ ಸೇರಿ ಅದು 2,950. ವರ್ಷ ಮುಗಿಯೋಕೆ ಹತ್ತು ದಿನ ಇದೆ, 12,000 ಕಮ್ಮಿ ಬಿದ್ದಿದೆ. ಮುಂದಿನ ತಿಂಗಳ ದಿನಸಿಗೆ ಅಷ್ಟಕ್ಕೆ ಗಿಫ್ಟ್ ಕಾರ್ಡ್ ಕೊಂಡರೆ ಶುಲ್ಕ ಸುಮಾರು 212, ಉಳಿಯೋದು 2,700ಕ್ಕೂ ಮೇಲೆ. ಇದು ಮಾಡಬೇಕಾದ ಕೆಲಸ. ಆದರೆ ಕೊಳ್ಳೋ ಮುಂಚೆ ನಿಮ್ಮ ಬ್ಯಾಂಕ್ ಗಿಫ್ಟ್ ಕಾರ್ಡ್ ಖರ್ಚನ್ನು ಈ ಗುರಿಗೆ ಸೇರಿಸುತ್ತಾ ಅಂತ ಷರತ್ತು ಓದಿ. ಎಲ್ಲ ಬ್ಯಾಂಕೂ ಸೇರಿಸಲ್ಲ. ಹಾಗೇ ಕೊರತೆ ಒಂದು ಲಕ್ಷ ಇದ್ದರೆ ಬಿಟ್ಟುಬಿಡಿ. ಮೂರು ಸಾವಿರ ಉಳಿಸೋಕೆ ಲಕ್ಷ ರೂಪಾಯಿ ಕಟ್ಟಿಹಾಕೋದು ಜಾಣತನ ಅಲ್ಲ.

ಕಟ್ಟಿಹಾಕೋದರ ಅಪಾಯ ಬೆಂಗಳೂರಿನವರಿಗೆ ಗೊತ್ತು. 2025ರ ಏಪ್ರಿಲ್‌ನಲ್ಲಿ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆ ದಿಢೀರನೆ ನಿಂತಾಗ, ಅದರ ವ್ಯಾಲೆಟ್‌ಗೆ ಮುಂಗಡ ಹಾಕಿಟ್ಟಿದ್ದವರ ದುಡ್ಡು ಅಲ್ಲೇ ಸಿಕ್ಕಿಕೊಂಡಿತು. ಗಿಫ್ಟ್ ಕಾರ್ಡೂ ಅದೇ ಜಾತಿಯದ್ದು. ಕ್ರೆಡಿಟ್ ಕಾರ್ಡಿನಲ್ಲಿ ನೇರವಾಗಿ ಕೊಂಡ ವಸ್ತು ಬರದಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ವಹಿವಾಟನ್ನು ಪ್ರಶ್ನಿಸಬಹುದು. ಗಿಫ್ಟ್ ಕಾರ್ಡ್ ಕೊಂಡಿದ್ದರೆ? ಬ್ಯಾಂಕಿನ ಲೆಕ್ಕದಲ್ಲಿ ನೀವು ಕೇಳಿದ ವಸ್ತು ಆ ಕೋಡ್, ಅದು ನಿಮ್ಮ ಇಮೇಲ್‌ಗೆ ಬಂದಾಗಿದೆ. ಮುಂದಿನ ಜಗಳ ನೀವು ಮತ್ತು ಅಂಗಡಿ ನಡುವೆ.

ಪಾಯಿಂಟ್‌ಗೆ ದುಡ್ಡು ಕೊಡೋರು ಯಾರು?

ಬ್ಯಾಂಕ್ ತನ್ನ ಜೇಬಿಂದ ಕೊಡಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರು ಪ್ರತಿ ವಹಿವಾಟಿಗೂ ಶುಲ್ಕ ಕಟ್ಟುತ್ತಾರೆ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಆ ಶುಲ್ಕ ಸೊನ್ನೆ, ಕ್ರೆಡಿಟ್ ಕಾರ್ಡಿಗೆ ಹಾಗಲ್ಲ. ಆ ಖರ್ಚು ಕೊನೆಗೆ ವಸ್ತುಗಳ ಬೆಲೆಗೆ ಸೇರುತ್ತೆ, ನಗದು ಕೊಟ್ಟು ಕೊಳ್ಳುವವರೂ ಅದೇ ಬೆಲೆ ಕೊಡುತ್ತಾರೆ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಲೆಕ್ಕ ಹಾಕಿದ್ದರು. ಅಲ್ಲಿ ನಗದು ಬಳಸುವ ಕುಟುಂಬವೊಂದು ವರ್ಷಕ್ಕೆ ಸರಾಸರಿ 149 ಡಾಲರ್ ಕಾರ್ಡ್ ಬಳಸುವವರಿಗೆ ಪರೋಕ್ಷವಾಗಿ ದಾಟಿಸುತ್ತಿತ್ತು, ಕಾರ್ಡ್ ಬಳಸುವ ಕುಟುಂಬಕ್ಕೆ 1,133 ಡಾಲರ್ ಸಿಗುತ್ತಿತ್ತು. ನಮ್ಮ ಮಾರುಕಟ್ಟೆ ಬೇರೆ, ಅಂಕಿ ಬೇರೆ ಇರುತ್ತೆ. ಆದರೆ ದುಡ್ಡು ಹರಿಯೋ ದಿಕ್ಕು ಬೇರೆ ಅಂತ ನಂಬೋಕೆ ನನಗೆ ಕಾರಣ ಕಾಣ್ತಿಲ್ಲ. ಇದರ ಜೊತೆಗೆ ಬಿಲ್ ಪೂರ್ತಿ ಕಟ್ಟೋಕಾಗದೆ ಬಡ್ಡಿ ಕಟ್ಟುವವರ ದುಡ್ಡೂ ಸೇರಿಕೊಳ್ಳುತ್ತೆ.

ಗಿಫ್ಟ್ ಕಾರ್ಡ್ ಇದಕ್ಕೆ ಇನ್ನೊಂದು ಮೆಟ್ಟಿಲು ಸೇರಿಸುತ್ತೆ. ಆ ಪೋರ್ಟಲ್‌ಗಳಲ್ಲಿ ನಮ್ಮ ಬೀದಿಯ ಪ್ರಾವಿಜನ್ ಸ್ಟೋರ್ ಇರಲ್ಲ, ದೊಡ್ಡ ಬ್ರ್ಯಾಂಡ್‌ಗಳಷ್ಟೇ ಇರುತ್ತವೆ. ಕಳೆದ ವರ್ಷ ಒಂದೆರಡು ತಿಂಗಳು ನಾನು ದಿನಸಿ ಎಲ್ಲಾ ಗಿಫ್ಟ್ ಕಾರ್ಡಿನಲ್ಲೇ ತರಿಸಿದೆ. ಒಂದಿನ ಬ್ರೆಡ್ ತರೋಕೆ ಹೋದಾಗ ಅಂಗಡಿಯವರು ಕೇಳಿದರು: "ಏನ್ ಸಾರ್, ಮನೇಲಿ ಅಡುಗೆ ಮಾಡೋದು ಬಿಟ್ಬಿಟ್ರಾ? ಅಕ್ಕಿ, ಬೇಳೆ ತಗೊಂಡೇ ಇಲ್ವಲ್ಲ." ಕೊರೋನಾ ಲಾಕ್‌ಡೌನ್‌ನಲ್ಲಿ ಅರ್ಧ ಶಟರ್ ಎತ್ತಿ ಸಾಲಕ್ಕೆ ಸಾಮಾನು ಕೊಟ್ಟ ಮನುಷ್ಯ ಅವರು. ಏನು ಹೇಳಬೇಕು ಅಂತ ತೋಚದೆ "ಊರಿಗೆ ಹೋಗಿದ್ದೆ" ಅಂದೆ.

ಇದನ್ನು ಹೇಳಿ ನಿಮ್ಮಲ್ಲಿ ಪಾಪಪ್ರಜ್ಞೆ ಹುಟ್ಟಿಸೋದು ನನ್ನ ಉದ್ದೇಶ ಅಲ್ಲ. ಮೊದಲ ಸಂಬಳದಲ್ಲಿ ಪಿಜಿ ಬಾಡಿಗೆ ಕಟ್ಟಿ, ಊರಿಗೆ ದುಡ್ಡು ಕಳಿಸಿ ಬದುಕೋರಿಗೆ ವರ್ಷಕ್ಕೆ ಎರಡು ಮೂರು ಸಾವಿರ ಉಳಿದರೆ ಅದು ಸಣ್ಣ ಮೊತ್ತ ಅಲ್ಲ. ನಿಯಮಗಳನ್ನು ನಾವು ಬರೆದಿಲ್ಲ, ಅವುಗಳೊಳಗೆ ನಾಲ್ಕು ಕಾಸು ಉಳಿಸಿಕೊಳ್ಳೋದು ತಪ್ಪೂ ಅಲ್ಲ. ಕಾರ್ಡ್ ಶುಲ್ಕ, ಬಡ್ಡಿ ಮಿತಿ ಬಗ್ಗೆ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಗಳನ್ನು ಕೇಳ್ತಾನೇ ಇದನ್ನೂ ಮಾಡಬಹುದು.

ನಾನೂ ಗಿಫ್ಟ್ ಕಾರ್ಡ್ ಕೊಳ್ಳೋದನ್ನು ಪೂರ್ತಿ ಬಿಟ್ಟಿಲ್ಲ. ಈಗ ಮೂರು ಅಭ್ಯಾಸ ಇಟ್ಟುಕೊಂಡಿದ್ದೀನಿ. ರಾತ್ರಿ ಹತ್ತರ ಮೇಲೆ ಕೊಳ್ಳಲ್ಲ. ಕೊಂಡ ತಕ್ಷಣ ಅವಧಿ ಮುಗಿಯೋ ದಿನಕ್ಕೆ ಒಂದು ತಿಂಗಳ ಮುಂಚೆ ಫೋನಿನಲ್ಲಿ ಅಲಾರಂ ಇಡ್ತೀನಿ. ಅಕ್ಕಿ, ಬೇಳೆಗೆ ಮಾತ್ರ ಗಿಫ್ಟ್ ಕಾರ್ಡ್ ಬೇಡ ಅಂತ ತೀರ್ಮಾನಿಸಿದ್ದೀನಿ. ಮೂರನೇದಕ್ಕೆ ವರ್ಷಕ್ಕೆ ಎಷ್ಟು ಪಾಯಿಂಟ್ ಹೋಗುತ್ತೆ ಅಂತಲೂ ಲೆಕ್ಕ ಹಾಕಿದ್ದೀನಿ. ಹೋಗಲಿ.