ಷೆಡ್ಡಿನ ಯೆಜ್ಡಿ, ಷೋರೂಮಿನ ಯೆಜ್ಡಿ

ನಿವೃತ್ತಿಯಾದ ಮೇಲೆ ಮಡದಿಯೊಡನೆ ಬೆಂಗಳೂರಿನಿಂದ ಮಡಿಕೇರಿ ಮಾರ್ಗವಾಗಿ ಮಂಗಳೂರಿಗೆ, ಅಲ್ಲಿಂದ ಕರಾವಳಿಗುಂಟ ಕಾರವಾರದವರೆಗೆ ಬೈಕಿನಲ್ಲಿ ಹೋಗಬೇಕೆಂಬುದು ನನ್ನ ಬಹುದಿನಗಳ ಆಸೆ. ಆ ದಿನ ಈಗ ಹತ್ತಿರವಾಗಿದೆ. ಉಳಿದಿರುವುದು ಒಂದೇ ಪ್ರಶ್ನೆ: ತಂದೆಯವರು ಬಿಟ್ಟುಹೋದ ಯೆಜ್ಡಿ ರೋಡ್‌ಕಿಂಗ್ ಅನ್ನು ಸಜ್ಜುಗೊಳಿಸುವುದೇ, ಅದೇ ಹೆಸರು ಹೊತ್ತ ಹೊಸ ಯೆಜ್ಡಿ ಅಡ್ವೆಂಚರ್ ಕೊಳ್ಳುವುದೇ? ಎರಡೂ ಖರ್ಚನ್ನು ಹೊರುವ ಶಕ್ತಿ ಪಿಂಚಣಿಗಿಲ್ಲ.

ಮೈಸೂರಿನವರಿಗೆ ಹಳೆಯ ಯೆಜ್ಡಿಯ ಪರಿಚಯ ಬೇಕಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಜಾವಾ, 1973ರಿಂದ ಯೆಜ್ಡಿ ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೂ ಆ ಬೈಕುಗಳು ಇಂದಿಗೂ ರಸ್ತೆಯಲ್ಲಿವೆ. ಅದಕ್ಕೆ ಅಭಿಮಾನವಷ್ಟೇ ಕಾರಣವಲ್ಲ, ಅವುಗಳ ಸರಳತೆಯೂ ಕಾರಣ. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಒಂದು ಕಾರ್ಬುರೇಟರ್, ನಾಲ್ಕು ಗೇರು. ಕಿಕ್ಕರನ್ನು ಮಡಚಿದರೆ ಅದೇ ಗೇರಿನ ಲಿವರ್. ಪ್ಲಗ್ಗಿಗೆ ಮಸಿ ಹಿಡಿದರೆ ಬಿಚ್ಚಿ, ಒರೆಸಿ, ಮತ್ತೆ ಹೊರಡಬಹುದು. ಅಷ್ಟನ್ನು ತಂದೆಯವರು ನನಗೆ ಹತ್ತನೇ ವಯಸ್ಸಿನಲ್ಲೇ ಕಲಿಸಿದ್ದರು.

2022ರಲ್ಲಿ ಯೆಜ್ಡಿ ಮರಳಿ ಬಂದಾಗ ಹೆಸರನ್ನು ಬಿಟ್ಟು ಬಹುತೇಕ ಎಲ್ಲವೂ ಬದಲಾಗಿತ್ತು. ಅಡ್ವೆಂಚರ್‌ನದು 334 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್, ಆರು ಗೇರು. ರೋಡ್‌ಕಿಂಗ್‌ನ 16 ಅಶ್ವಶಕ್ತಿಯ ಎದುರು ಇದರದು ಸುಮಾರು 29. ಆದರೆ ಶಕ್ತಿಯ ಲೆಕ್ಕ ನನಗೆ ಮುಖ್ಯವೆನಿಸಲಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗುವವನಿಗೆ ವೇಗವೇಕೆ?

ನಿರ್ಧಾರವಾಗುವುದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟದಲ್ಲಿ. ಫೋರ್-ಸ್ಟ್ರೋಕ್ ಬೈಕನ್ನು ಇಳಿಜಾರಿನಲ್ಲಿ ಎಂಜಿನ್ನೇ ಸ್ವಲ್ಪಮಟ್ಟಿಗೆ ಹಿಡಿದು ನಿಲ್ಲಿಸುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆ ಹಿಡಿತ ತೀರ ಕಡಿಮೆ. ಅಲ್ಲದೆ ಅದರ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರ್ ಮುಚ್ಚಿ ಉದ್ದಕ್ಕೂ ಇಳಿದರೆ ಎಣ್ಣೆಯೂ ಕಡಿಮೆಯಾಗುತ್ತದೆ. ಹೀಗಾಗಿ ಭಾರವೆಲ್ಲ ಬ್ರೇಕಿನ ಮೇಲೆ, ಅದೂ ಡ್ರಮ್ ಬ್ರೇಕಿನ ಮೇಲೆ. ಯೌವನದಲ್ಲಿ ಒಮ್ಮೆ ಅದೇ ಘಟ್ಟದ ಮಳೆಯಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿ ಜಾರಿದ್ದೆ. ತಪ್ಪು ನನ್ನದೇ. ಆದರೆ ಎಬಿಎಸ್ ಇರುವುದೇ ಅಂಥ ಗಾಬರಿಯಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯಲು. ಅಂದು ಹಿಂದೆ ಯಾರೂ ಕುಳಿತಿರಲಿಲ್ಲ. ಈ ಬಾರಿ ಕುಳಿತಿರುತ್ತಾರೆ. ನನ್ನ ಹಂಬಲಕ್ಕಾಗಿ ಅವರ ಜೀವವನ್ನು ಒತ್ತೆಯಿಡುವ ಅಧಿಕಾರ ನನಗಿಲ್ಲ.

ಹಾಗಾದರೆ ಹೊಸದರಲ್ಲಿ ಕೊರತೆಯೇ ಇಲ್ಲವೇ? ಇದೆ. ಅದಕ್ಕೆ ಕಿಕ್ಕರ್ ಇಲ್ಲ. ಇಂಧನ ಪೂರೈಕೆಯನ್ನು ನಿಯಂತ್ರಿಸುವುದು ಕಂಪ್ಯೂಟರ್. ಸೆನ್ಸರ್ ಕೈಕೊಟ್ಟರೆ ಹುಣಸೂರಿನ ಅಥವಾ ಸುಳ್ಯದ ಅನುಭವಿ ಮೆಕ್ಯಾನಿಕ್ ಕೂಡ ಸ್ಕ್ಯಾನರ್ ಇಲ್ಲದೆ ಅಸಹಾಯಕ. ನಾವು ಸುರಕ್ಷತೆ ಪಡೆದೆವು. ನಮ್ಮ ವಾಹನವನ್ನು ನಾವೇ ಅರಿಯುವ ಸ್ವಾತಂತ್ರ್ಯ ಕಳೆದುಕೊಂಡೆವು. ಇದು ಅನಿವಾರ್ಯವೇನಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ 'ದುರಸ್ತಿ ಹಕ್ಕು' ಪೋರ್ಟಲ್‌ನ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ದುರಸ್ತಿ ಕೈಪಿಡಿ, ಬಿಡಿಭಾಗ, ಸ್ಕ್ಯಾನರ್‌ಗಳು ಸಣ್ಣ ಊರಿನ ಗ್ಯಾರೇಜಿಗೂ ನ್ಯಾಯವಾದ ಬೆಲೆಗೆ ದೊರೆತಾಗಲೇ ಆ ಹಕ್ಕಿಗೆ ಅರ್ಥ. ಹೊಸ ಬೈಕು ಕೊಳ್ಳುವವರು ಮೈಲೇಜಿನೊಂದಿಗೆ ಇದನ್ನೂ ಕೇಳುವಂತಾಗಬೇಕು.

ನಾನು ಹೊಸದನ್ನೇ ಕೊಳ್ಳುತ್ತೇನೆ. ಷೆಡ್ಡಿನ ರೋಡ್‌ಕಿಂಗ್ ಅನ್ನು ಮಾರುವುದಿಲ್ಲ. ಪ್ಲಗ್ ಒರೆಸುವುದನ್ನು ಮೊಮ್ಮಗಳಿಗೆ ಕಲಿಸುವುದು ಇನ್ನೂ ಬಾಕಿಯಿದೆ.