ಒಂದು ಟ್ರೇ ತುಳಸಿ ಬೀಜ, ಒಂದು ಆರ್‌ಟಿಐ ಅರ್ಜಿ

ನಮ್ಮ ಟೆರೇಸಿನ ಬದನೆ ಗಿಡ ಹೂ ಬಿಡುತ್ತಿತ್ತು, ಹೂ ಉದುರುತ್ತಿತ್ತು. ಕಾಯಿ ಮಾತ್ರ ಇಲ್ಲ. ಗೊಬ್ಬರ ಬದಲಿಸಿದೆ, ನೀರು ಹೆಚ್ಚುಕಮ್ಮಿ ಮಾಡಿದೆ. ಎಂಜಿನಿಯರಿಂಗ್ ಓದಿದವನ ಚಟ, ಒಂದೊಂದೇ ಕಾರಣ ಅಳಿಸುತ್ತಾ ಹೋದೆ. ಕೊನೆಗೆ ಉಳಿದಿದ್ದು ಒಂದೇ: ಆ ಹೂವಿಗೆ ಕೆಲಸಗಾರರೇ ಬರುತ್ತಿರಲಿಲ್ಲ.

ಬದನೆ, ಟೊಮೆಟೊ ಹೂಗಳ ಪರಾಗ ಕೇಸರದೊಳಗೆ ಬಂದಿಯಾಗಿರುತ್ತೆ. ತುದಿಯ ಸಣ್ಣ ಕಿಂಡಿಯಿಂದ ಉದುರಬೇಕು, ಉಪ್ಪಿನ ಡಬ್ಬಿಯ ಹಾಗೆ. ಗಾಳಿ ಒಂದಿಷ್ಟು ಅಲ್ಲಾಡಿಸುತ್ತೆ ನಿಜ. ಆದರೆ ಈ ಕೆಲಸದಲ್ಲಿ ಪಳಗಿದ್ದು ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನ್ನೊಣ, ಅಮೆಜಿಲ್ಲಾ. ಹೂವನ್ನು ಬಿಗಿಯಾಗಿ ಹಿಡಿದು ಮೈಯನ್ನು ಸೆಕೆಂಡಿಗೆ ನೂರಾರು ಸಲ ಕಂಪಿಸುತ್ತೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬರಲ್ಲ. ಹಾಗಾಗಿ ‘ಜೇನುಪೆಟ್ಟಿಗೆ ಇಟ್ಟರಾಯ್ತು’ ಅನ್ನೋದು ಪೂರ್ತಿ ಉತ್ತರವಲ್ಲ.

ಇನ್ನೊಂದು ತೊಡಕಿದೆ. ಬದನೆ ಹೂವಿನಲ್ಲಿ ಪರಾಗ ಇದೆ, ಮಕರಂದ ಇಲ್ಲ. ಹಾರಾಡೋಕೆ ಜೇನ್ನೊಣಕ್ಕೆ ಮಕರಂದ ಬೇಕೇ ಬೇಕು. ಅಂದರೆ ಕೆಲಸ ಇಲ್ಲಿ, ಊಟ ಬೇರೆಲ್ಲೋ. ಆ ಊಟ ಪಕ್ಕದಲ್ಲೇ ಕೊಡಬಲ್ಲದ್ದು ತುಳಸಿ. ಈ ನೆಲದ್ದೇ ಗಿಡ, ಕೆಲವು ವರ್ಷ ಬದುಕುತ್ತೆ, ತಿಂಗಳುಗಟ್ಟಲೆ ಹೂ ಬಿಡುತ್ತೆ. ಕಟ್ಟೆಯಲ್ಲಿದೆಯೋ ಹಳೇ ಪೇಂಟ್ ಡಬ್ಬಿಯಲ್ಲಿದೆಯೋ, ಜೇನು ಕೇಳಲ್ಲ.

ಒಂದೇ ಗಿಡ ಸಾಲದು, ಹತ್ತಿಪ್ಪತ್ತು ಒಟ್ಟಿಗಿರಬೇಕು. ಅದನ್ನು ಪುಕ್ಕಟೆ ಮಾಡೋ ದಾರಿ ಬೀಜ. ನನ್ನ ಮೊದಲ ಟ್ರೇಯಲ್ಲಿ ಒಂದೂ ಮೊಳೆಯಲಿಲ್ಲ. ಹುರುಳಿ ಬಿತ್ತಿದ ಹಾಗೆ ಅರ್ಧ ಇಂಚು ಆಳಕ್ಕೆ ಹೂತು, ಮಗ್‌ನಲ್ಲಿ ನೀರು ಸುರಿದಿದ್ದೆ. ರಾಗಿಗಿಂತ ಚಿಕ್ಕ ಬೀಜ ಅಷ್ಟು ಆಳದಿಂದ ಹೇಗೆ ಮೇಲೆದ್ದೀತು?

ಎರಡನೇ ಸಲ ಹೀಗೆ ಮಾಡಿದೆ. ಒಣಗಿ ಕಂದಾದ ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿದೆ. ಪ್ರತಿ ಪುಟ್ಟ ಸಿಪ್ಪೆಯಲ್ಲಿ ನಾಲ್ಕರವರೆಗೂ ಬೀಜ. ಕೆಂಪು ಮಣ್ಣು, ಮರಳು, ಗೊಬ್ಬರ ಸಮ ಬೆರೆಸಿ, ಮೊದಲೇ ಒದ್ದೆ ಮಾಡಿ, ಬೀಜವನ್ನು ಮೇಲೆಯೇ ಉದುರಿಸಿ ಅಂಗೈಯಿಂದ ಒತ್ತಿದೆ. ಮುಚ್ಚಲಿಲ್ಲ. ಬೆಳಕಿರುವ, ಮಳೆ ಹೊಡೆಯದ ಕಡೆ ಇಟ್ಟು ಸ್ಪ್ರೇ ಬಾಟಲಿಯಿಂದ ನೀರು. ಬೆಚ್ಚಗಿನ ದಿನಗಳಲ್ಲಿ ಒಂದೆರಡು ವಾರಕ್ಕೆ ಮೊಳಕೆ ಬರುತ್ತೆ, ಚಳಿಯಲ್ಲಿ ತಡ. ಆರೇಳು ಎಲೆ ಬಂದ ಮೇಲೆ ಒಂದಡಿ ಅಂತರದಲ್ಲಿ, ಬಿಸಿಲು ಬೀಳುವ ಕಡೆ ನೆಡಿ. ಎಲೆ ಹೆಚ್ಚಲಿ ಅಂತ ಹೂತೆನೆ ಚಿವುಟೋದು ರೂಢಿ. ಅರ್ಧ ಗಿಡಗಳನ್ನಾದರೂ ಬಿಟ್ಟುಬಿಡಿ, ಹೂ ಬಿಡಲಿ.

ಔಷಧಿ ಹೊಡೆಯಬೇಡಿ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಗಿಡದೊಳಗೇ ಸೇರಿ ಮಕರಂದ, ಪರಾಗಕ್ಕೂ ಬರುತ್ತೆ. ಬಯಲಿನಲ್ಲಿ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟ 2018ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಗೊಬ್ಬರದಂಗಡಿಯಲ್ಲಿ ಸಿಗುತ್ತೆ.

ಇಷ್ಟಾದರೂ ಟೆರೇಸು ಊಟದ ಮನೆ ಮಾತ್ರ. ಅಮೆಜಿಲ್ಲಾ ಗೂಡು ಮಾಡೋದು ಮಣ್ಣಿನಲ್ಲಿ, ಬಿಲ ಕೊರೆದು. ನಮ್ಮ ಬಡಾವಣೆಯ ಪಾರ್ಕಿಗೆ ಹೋಗಿ ನೋಡಿದೆ: ಒಂದು ಕಡೆ ಹುಲ್ಲುಹಾಸು, ಉಳಿದ ಕಡೆಯೆಲ್ಲ ಇಂಟರ್‌ಲಾಕ್ ಟೈಲ್ಸ್. ನಮ್ಮದೇ ತೆರಿಗೆಯಲ್ಲಿ ಅದರ ಮನೆ ಮುಚ್ಚಿದ್ದೇವೆ.

ಆದ್ದರಿಂದ ಬೀಜ ಬಿತ್ತಿದ ದಿನವೇ ಇನ್ನೊಂದು ಕೆಲಸ ಮಾಡಿ. 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯಲ್ಲಿ ಮೂರು ಪ್ರಶ್ನೆ ಸಾಕು: ನಮ್ಮ ಪಾರ್ಕಿನಲ್ಲಿ ಯಾವ್ಯಾವ ಗಿಡ ನೆಟ್ಟಿದ್ದೀರಿ? ಯಾವ ಕೀಟನಾಶಕ ಹೊಡೆಯುತ್ತೀರಿ? ಎಷ್ಟು ಚದರ ಮೀಟರ್‌ಗೆ ಟೈಲ್ಸ್ ಹಾಕಿದ್ದೀರಿ? ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಆ ಹೊತ್ತಿಗೆ ನಿಮ್ಮ ಸಸಿಗಳಿಗೆ ಎಲೆ ಬಂದಿರುತ್ತೆ. ಉತ್ತರ, ಸಸಿ ಎರಡನ್ನೂ ಹಿಡಿದುಕೊಂಡು ವಾರ್ಡ್ ಸಮಿತಿ ಸಭೆಗೆ ಹೋಗಿ. ಒಂದು ಮೂಲೆ ಬರಿ ಮಣ್ಣು ಬಿಡಿ, ಅದರ ಪಕ್ಕ ಇವನ್ನು ನೆಡ್ತೀವಿ ಅಂತ ಕೇಳಿ.