ಎಂಟು ವರ್ಷ, ಐದು ಸರಕಾರ

ಅಸಫ್ ಜಾಹಿ ಮನೆತನ ಹೈದರಾಬಾದನ್ನು ಆಳಿದ್ದು 1724ರಿಂದ 1948ರವರೆಗೆ, 224 ವರ್ಷ. ಆ ಆಳ್ವಿಕೆ ಬಿದ್ದದ್ದು ಐದೇ ದಿನಗಳಲ್ಲಿ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು, 17ಕ್ಕೆ ನಿಜಾಮ ಶರಣಾದ. ದೇಶ ಸ್ವತಂತ್ರವಾಗಿ ಅಂದಿಗೆ 399 ದಿನ ಕಳೆದಿದ್ದವು.

ಬೆರಗು ಅಲ್ಲಿಗೇ ಮುಗಿಯುವುದಿಲ್ಲ. ಗುಲಬರ್ಗಾ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ 1940ರಲ್ಲಿ ಹುಟ್ಟಿದ ಕೂಸು ಎಂಟು ವರ್ಷ ನಿಜಾಮನ ಪ್ರಜೆ. ಆಮೇಲೆ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಮಿಲಿಟರಿ ಆಡಳಿತ. 1950ರ ಜನವರಿಯಿಂದ ದಿಲ್ಲಿ ನೇಮಿಸಿದ ಅಧಿಕಾರಿ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. 1952ರ ಮಾರ್ಚಿನಿಂದ ಚುನಾಯಿತ ಬೂರ್ಗುಲ ರಾಮಕೃಷ್ಣ ರಾವ್. 1956ರ ನವೆಂಬರ್ 1ರಿಂದ ನಿಜಲಿಂಗಪ್ಪನವರ ಮೈಸೂರು ರಾಜ್ಯ. ಹದಿನೇಳು ತುಂಬುವ ಮುಂಚೆಯೇ ಐದು ಸರಕಾರ, ಊರು ಬಿಟ್ಟು ಕದಲದೆ!

ಫ್ರಾನ್ಸ್ 1789ರಿಂದ ಹತ್ತು ವರ್ಷ ಹೀಗೆಯೇ ಒಂದರ ಮೇಲೊಂದು ಸರಕಾರ ಕಂಡಿತು. ಅಲ್ಲಿ ಅರಸನ ತಲೆ ಹೋಯಿತು, ಕೊನೆಗೆ ಬಂದ ಸೇನಾನಿ ನೆಪೋಲಿಯನ್ 1804ರಲ್ಲಿ ಚಕ್ರವರ್ತಿಯಾದ. ಇಲ್ಲಿ ಕ್ರಮವೇ ತಿರುವುಮುರುವು. ಸೇನಾನಿ ಮೊದಲು ಬಂದ, ಹದಿನೈದು ತಿಂಗಳಲ್ಲಿ ಅಧಿಕಾರ ಬಿಟ್ಟುಕೊಟ್ಟ. ಸೋತ ನಿಜಾಮ 1956ರವರೆಗೂ ರಾಜ್ಯಪಾಲರಿಗೆ ಸಮನಾದ ರಾಜಪ್ರಮುಖನಾಗಿ ಉಳಿದ. ಹಳ್ಳಿಯ ಬದುಕಿಗೆ ತಟ್ಟಿದ ದೊಡ್ಡ ಬದಲಾವಣೆಯೊಂದನ್ನು ತಂದದ್ದೂ ಆ ಮಿಲಿಟರಿ ಆಡಳಿತವೇ: 1949ರ ಆಗಸ್ಟಿನಲ್ಲಿ ಜಾಗೀರುಗಳು, ಅಂದರೆ ಕಂದಾಯ ಎತ್ತುವ ಹಕ್ಕು ಪಡೆದ ಒಡೆಯರ ಸೀಮೆಗಳು, ರದ್ದಾದವು. ಪಾಯಗಾ ಮನೆತನದ ಜಾಗೀರಿಗೆ ಸೇರಿದ್ದ ಆಳಂದ, ಅಫಜಲಪುರದ ರೈತರಿಗೆ ಸರಕಾರ ಮೊದಲ ಬಾರಿಗೆ ನೇರ ಎದುರಾಯಿತು. ಮೂರು ವರ್ಷದೊಳಗೆ, 21 ತುಂಬಿದ ಹೆಣ್ಣುಗಂಡೆಲ್ಲರಿಗೂ 175 ಸ್ಥಾನಗಳ ವಿಧಾನಸಭೆಗೆ ಮತ ಹಾಕುವ ಹಕ್ಕು ಸಿಕ್ಕಿತು.

ಈ ಬದಲಾವಣೆಗೆ ತೆತ್ತ ಬೆಲೆಯೂ ಅಂಕಿಯಲ್ಲೇ ಇದೆ. ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರು ಹಳ್ಳಿಗಳನ್ನು ಸುಟ್ಟು ಜನರನ್ನು ಕೊಂದಿದ್ದರು. ಸೇನೆ ಬಂದ ಮೇಲೆ ಸೇಡಿಗೆ ಮುಸ್ಲಿಮರು ಬಲಿಯಾದರು. ಕೇಂದ್ರ ಸರಕಾರ ಕಳಿಸಿದ ಸುಂದರಲಾಲ್ ಸಮಿತಿಯ ಅಂದಾಜು 27,000ದಿಂದ 40,000 ಸಾವು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆ ವರದಿ ದಶಕಗಳ ಕಾಲ ಜನರ ಕಣ್ಣಿಗೆ ಬೀಳಲೇ ಇಲ್ಲ.

ಬಂದೂಕಿನಿಂದ ಮತಪೆಟ್ಟಿಗೆಗೆ ನಾಲ್ಕೇ ವರ್ಷದಲ್ಲಿ ದಾಟಿದ ನಾಡು ನಮ್ಮದು. ಅದು ಹೆಮ್ಮೆಯ ಮಾತು. ಸೆಪ್ಟೆಂಬರ್ 17ಕ್ಕೆ ಬಾವುಟ ಏರಿಸುವಾಗ ಗೆದ್ದವರ ಜೊತೆ ಸತ್ತವರ ಲೆಕ್ಕವನ್ನೂ, ಎರಡೂ ಕಡೆಯದನ್ನು, ನಮ್ಮ ಮಕ್ಕಳಿಗೆ ಹೇಳಬೇಕು.